ಎರಡು ತೂತಿನ ತಗಡು ಮತ್ತು ಬರ್ಮಿಂಗ್‌ಹ್ಯಾಮಿನ ತೀರ್ಪು

ಉಗಾರ ಬುದ್ರುಕ: ಹೊರಡುವ ಮೊದಲು

ಜನ ವಿದೇಶಕ್ಕೆ ಹೋಗುವುದು ಹಿಮ ನೋಡಲು, ಗಡಿಯಾರದ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳಲು, ಬಂದ ಮೇಲೆ ಅಲ್ಲಿನ ರಸ್ತೆ ಎಷ್ಟು ಸ್ವಚ್ಛ ಎಂದು ಉಳಿದವರ ತಲೆ ತಿನ್ನಲು. ನಮ್ಮ ಮಾವನವರು ಹೋದದ್ದು ಒಡಹುಟ್ಟಿದ ಅಣ್ಣನ ವಿರುದ್ಧ ಸಾಕ್ಷಿ ತರಲು.

ಹೇಳಿಕೊಳ್ಳಲು ಅದು ನನ್ನ ಪ್ರವಾಸ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ನನಗೆ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಸಣ್ಣ ತರಬೇತಿ ಸಿಕ್ಕಿತ್ತು. ಜೊತೆಗೆ ಗಂಡ ಬರಬೇಕಿತ್ತು. ಆದರೆ ಅದು ದ್ರಾಕ್ಷಿ ಚಾಟಣಿಯ ಹಂಗಾಮು. ಬಳ್ಳಿ ಕತ್ತರಿಸುವುದು ಬಿಟ್ಟು ಹೆಂಡತಿಯ ಹಿಂದೆ ವಿಮಾನ ಹತ್ತಿದ ಎಂದರೆ ಕಾಗವಾಡ ತಾಲೂಕಿನಲ್ಲಿ ಅವನು ಮತ್ತೆ ತಲೆಯೆತ್ತಿ ತಿರುಗುವ ಹಾಗಿಲ್ಲ. ಆಗ ಮಾವ ಎದ್ದು ನಿಂತರು. "ಸೊಸಿ ಒಬ್ಬಾಕಿನ್ನ ಅಷ್ಟ ದೂರ ಹೆಂಗ ಕಳಸೂದು? ನಾ ಹೊಕ್ಕೀನಿ." ನಿಪ್ಪಾಣಿಯಿಂದ ಎಷ್ಟೋ ಸಲ ನಾನು ಒಬ್ಬಳೇ ಬೆಂಗಳೂರಿನ ಬಸ್ಸು ಹತ್ತಿದಾಗ ಮಲಗಿದ್ದ ಈ ಕಾಳಜಿ, ಬರ್ಮಿಂಗ್‌ಹ್ಯಾಮ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಎಚ್ಚರವಾಗಿತ್ತು. ಕಾರಣ ನಮ್ಮ ಮನೆಯ ಕಪಾಟಿನಲ್ಲಿತ್ತು.

ಅದೊಂದು ಹಳೆಯ ಜೋಡುನಳಿಗೆ ರೈಫಲ್. ಮಾವನ ತಂದೆಯ ಕಾಲದ್ದು. ನಳಿಗೆಯ ಮೇಲೆ ಮಾಡಿದ ಅಂಗಡಿಯ ಹೆಸರು, ಕೆಳಗೆ ಬರ್ಮಿಂಗ್‌ಹ್ಯಾಮ್ ಎಂದು ಕೆತ್ತಿದೆ. ಹೊಳೆದಂಡೆಯ ಕಬ್ಬಿಗೆ ಹಂದಿ ನುಗ್ಗುತ್ತಿದ್ದ ದಿನಗಳಲ್ಲಿ ಅಜ್ಜನ ಕೈಯಲ್ಲಿ ಅದು ಒಮ್ಮೆಯೂ ಗುರಿ ತಪ್ಪಿಲ್ಲ ಎಂದು ಮನೆಯವರು ಹೇಳುತ್ತಾರೆ. ಹಂದಿಗಳನ್ನು ಯಾರೂ ಕೇಳಿಲ್ಲ. ಅಜ್ಜ ತೀರಿಕೊಂಡ ಮೇಲೆ ಮಕ್ಕಳಿಬ್ಬರೂ, ಅಂದರೆ ನಮ್ಮ ಮಾವ ಮತ್ತು ಅವರ ಅಣ್ಣ ದೊಡ್ಡಮಾವ, ಹೊಲ, ಬಾವಿ, ಎಮ್ಮೆ ಎಲ್ಲವನ್ನೂ ನಗುನಗುತ್ತಲೇ ಹಂಚಿಕೊಂಡರು. ಬಂದೂಕನ್ನು ಮಾತ್ರ ಸೀಳಲು ಬರಲಿಲ್ಲ.

ಊರ ಹಿರಿಯರು ಕೂತು ಒಂದು ನ್ಯಾಯ ತೆಗೆದರು. ಅಣ್ಣನಿಗೆ ಬಲ ನಳಿಗೆ, ತಮ್ಮನಿಗೆ ಎಡ ನಳಿಗೆ. ಯಾರ ಗುಂಡು ನಟ್ಟನಡುವೆ ಬೀಳುತ್ತದೋ ಬಂದೂಕು ಅವರದು. ಆದರೆ ಅಣ್ಣನ ಕೈ ಪಳಗಿದ್ದು, ತಮ್ಮನ ಕಣ್ಣು ಚುರುಕು. ಹಾಗಾಗಿ ಯಾರಿಗೂ ಅನ್ಯಾಯವಾಗಬಾರದೆಂದು ಬಂದೂಕನ್ನು ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ತಂತಿಯಿಂದ ಬಿಗಿದು, ದೂರದಲ್ಲಿ ಒಂದು ತಗಡು ನಿಲ್ಲಿಸಿ, ಟ್ರಿಗರಿಗೆ ಸುತಳಿ ಕಟ್ಟಿ ಎಳೆದರು. ಮನುಷ್ಯನ ಕೈ ನಡುಗುತ್ತದೆ, ಕಲ್ಲು ನಡುಗುವುದಿಲ್ಲ ಎಂಬುದು ಹಿರಿಯರ ವಿಜ್ಞಾನ.

ಬಲ ನಳಿಗೆಯ ಗುಂಡು ತಗಡಿನ ಎಡ ಅಂಚಿಗೆ ಹೋಯಿತು. ಎಡ ನಳಿಗೆಯದು ಬಲ ಅಂಚಿಗೆ. ನಟ್ಟನಡುವೆ ನೊಣವೂ ಕೂರಲಿಲ್ಲ.

ಅಪ್ಪನ ಕೈಯಲ್ಲಿ ನೆಟ್ಟಗಿದ್ದ ಬಂದೂಕು ಸೊಟ್ಟಗಾದದ್ದು ಹೇಗೆ? ಅಣ್ಣ ಅದನ್ನು ಹುದುಲಿನ ಕೆಸರಲ್ಲಿ ಸಿಕ್ಕ ಚಕ್ಕಡಿಯ ಗಾಲಿ ಎತ್ತಲು ಮೀಟುಗೋಲು ಮಾಡಿದ್ದಾನೆ ಎಂದು ತಮ್ಮ. ತಮ್ಮ ಅದನ್ನು ಟ್ರ್ಯಾಕ್ಟರ್ ಮೇಲಿಂದ ಕೆಡವಿದ್ದಾನೆ ಎಂದು ಅಣ್ಣ. ಮಾತಿಗೆ ಮಾತು ಬೆಳೆದು ಅಂಗಳದ ನಡುವೆ ಗೋಡೆ ಎದ್ದಿತು. ಬಂದೂಕು ನಮ್ಮ ಮನೆಗೆ ಬಂತು, ಅದನ್ನಿಡುವ ಚರ್ಮದ ಪೆಟ್ಟಿಗೆ ದೊಡ್ಡಮಾವನ ಮನೆಗೆ ಹೋಯಿತು. ನಾನು ಸೊಸೆಯಾಗಿ ಬರುವ ಮೊದಲೇ ನಿಂತ ಮಾತು ಇನ್ನೂ ಶುರುವಾಗಿರಲಿಲ್ಲ.

ಈಗ ದೊಡ್ಡಮಾವನ ಮೊಮ್ಮಗಳು ಪ್ರಿಯಾಳ ಲಗ್ನ ತುಳಸಿ ಲಗ್ನದ ನಂತರ ಎಂದು ಗೊತ್ತಾಗಿತ್ತು. ಆ ಹುಡುಗಿ ಗೋಡೆ ಹಾರಿ ಬಂದು ನಮ್ಮ ಮನೆಯ ಹೋಳಿಗೆ ತಿಂದೇ ಬೆಳೆದವಳು. ಮಾವನಿಗೆ ಅವಳೆಂದರೆ ಜೀವ. ಆದರೂ "ಐದು ಮಂದಿ ಎದುರಿಗೆ ಅಣ್ಣ ತನ್ನ ತಪ್ಪು ಒಪ್ಪಲಿ, ಆಮ್ಯಾಲ ಅಕ್ಕಿಕಾಳು ಹಾಕಾಕ ಬರತೀನಿ" ಎಂದು ಹಟ ಹಿಡಿದಿದ್ದರು. ಬಂದೂಕು ಹುಟ್ಟಿದ ಊರಿನ ಜಾಣರಿಂದ ತೀರ್ಪು ತಂದು ಲಗ್ನದ ಹಂದರದಲ್ಲೇ ಆ ತಗಡು ಎತ್ತಿ ತೋರಿಸುವುದು ಅವರ ಯೋಜನೆ. ಈ ಶುಭಕಾರ್ಯಕ್ಕೆ ದುಭಾಷಿ ನಾನು.

ಮುಂಬೈ ವಿಮಾನ ನಿಲ್ದಾಣ

ಬಂದೂಕು ತರಲು ಆಗುವುದಿಲ್ಲ ಎಂದು ಮಾವನಿಗೆ ತಿಳಿಹೇಳುವಷ್ಟರಲ್ಲೇ ನನ್ನ ಅರ್ಧ ಆಯುಷ್ಯ ಕರಗಿತ್ತು. ತಗಡು ತರುವುದಿಲ್ಲ ಎಂದು ಮಾತು ತೆಗೆದುಕೊಳ್ಳಲು ಮರೆತಿದ್ದೆ. ಅವರ ಪೆಟ್ಟಿಗೆಯಲ್ಲಿ ಧೋತರದೊಳಗೆ ಸುತ್ತಿ, ಮೇಲೆ ಶೇಂಗಾ ಚಟ್ನಿ, ಕೆಳಗೆ ಕಟಕ ರೊಟ್ಟಿ ಇಟ್ಟು ಅದನ್ನು ಮಲಗಿಸಿದ್ದರು.

ತಪಾಸಣೆಯ ಹುಡುಗಿ ತಗಡು ಹೊರಗೆ ತೆಗೆದಳು. ಎರಡು ತೂತು, ಪಕ್ಕದಲ್ಲಿ ಮೊಳೆಯಿಂದ ಗೀಚಿದ ಅಕ್ಷರ. ಎಡಗಡೆಯ ತೂತಿನ ಬದಿಗೆ 'ಬಲ', ಬಲಗಡೆಯ ತೂತಿನ ಬದಿಗೆ 'ಎಡ'.

"ಹೇ ಕಾಯ್ ಆಹೇ ಕಾಕಾ?" ಇದೇನು ಎಂದು ಕೇಳಿದಳು.

ಮಾವನಿಗೆ ಮರಾಠಿ ನೀರು ಕುಡಿದ ಹಾಗೆ. ಅಪ್ಪನಿಂದ ಶುರುಮಾಡಿ ಹೊಳೆ, ಹಂದಿ, ಅಣ್ಣ, ಚಕ್ಕಡಿ ಎಲ್ಲವನ್ನೂ ಹೇಳಿದರು. ಗುಂಡು ಎಂಬ ಮಾತು ಬಂದೊಡನೆ ಇನ್ನೂ ಇಬ್ಬರು ಅಧಿಕಾರಿಗಳು ಬಂದರು. ಅವರಿಗೂ ಮೊದಲಿನಿಂದ ಹೇಳಿದರು. ನಾನು ಪಕ್ಕದ ಸಾಲಿನಲ್ಲಿ ಬೇರೆ ಯಾರದೋ ಸೊಸೆಯಂತೆ ನಿಂತಿದ್ದೆ. ಕೊನೆಗೆ ಅವರಲ್ಲಿ ಹಿರಿಯ ಅಧಿಕಾರಿ ತಗಡು ತಿರುವಿ ನೋಡಿ, ತನ್ನ ಸಾತಾರದ ಕಾಕಾಗಳದೂ ಇದೇ ಕತೆ, ಅಲ್ಲಿ ಬಂದೂಕಿನ ಜಾಗದಲ್ಲಿ ಒಂದು ಮಾವಿನ ಮರ ಇದೆ ಎಂದು ನಿಟ್ಟುಸಿರು ಬಿಟ್ಟು ಹೋಗಗೊಟ್ಟ. ಚಟ್ನಿಯನ್ನು ಮಾತ್ರ ಬಹಳ ಹೊತ್ತು ಅನುಮಾನದಿಂದ ಮೂಸಿದರು.

ಬರ್ಮಿಂಗ್‌ಹ್ಯಾಮ್: ಬಂದೂಕಿನ ಓಣಿ

ನಮ್ಮ ಕಡೆ ಬಳೆಗಾರರ ಓಣಿ ಇದ್ದಂತೆ ಬರ್ಮಿಂಗ್‌ಹ್ಯಾಮಿನಲ್ಲಿ ಬಂದೂಕು ಮಾಡುವವರ ಓಣಿ ಇದೆ. ಮಾವನ ಕಲ್ಪನೆಯಲ್ಲಿ ಅಲ್ಲಿ ಸಾಲಾಗಿ ಕುಲುಮೆಗಳು, ಮೀಸೆ ಹೊತ್ತ ಗೋರಾ ಸಾಹೇಬರು, ನಡುವೆ ಒಂದು ತೋಪು. ನಿಜದಲ್ಲಿ ಸಿಕ್ಕದ್ದು ದೊಡ್ಡ ವರ್ತುಲ ರಸ್ತೆ, ಕಾರು ನಿಲ್ಲಿಸುವ ಬಯಲು, ಎತ್ತರದ ಬಾಡಿಗೆ ಮನೆಗಳು ಮತ್ತು ಯಾವ ಕಡೆಯಿಂದ ಬರುತ್ತದೆಂದು ಹೇಳದೆ ಬರುವ ಮಳೆ. ನಮ್ಮ ಬಂದೂಕಿನ ಮೇಲೆ ಹೆಸರು ಕೆತ್ತಿದ್ದ ಅಂಗಡಿ ಎಂದೋ ಮುಚ್ಚಿಹೋಗಿತ್ತು. ಆ ಜಾಗದಲ್ಲಿ ಒಬ್ಬ ಕಬಾಬು ಸುಡುತ್ತಿದ್ದ.

ಹೋಗಲಿ ಎಂದು ಕಾಲುವೆಯ ದಂಡೆಗೆ ಕರೆದುಕೊಂಡು ಹೋದೆ. ಈ ಊರಿನ ತುಂಬ ಕಾಲುವೆಗಳು. ಮಾವ ನಿಂತು ನೋಡಿದರು.

"ಇದರ ನೀರು ಯಾ ಹೊಲಕ್ಕ ಹೊಕ್ಕೈತಿ?"

"ಯಾವ ಹೊಲಕ್ಕೂ ಇಲ್ರಿ ಮಾವಾರ. ದೋಣಿ ಓಡಾಡಾಕ."

"ದೋಣ್ಯಾಗ ಏನ ಒಯ್ತಾರ?"

"ಈಗ ಏನೂ ಇಲ್ರಿ. ಸುಮ್ನ ಕುಂತು ಚಾ ಕುಡೀತಾರ."

ಇಷ್ಟು ನೀರಿಗೆ ಒಂದೇ ಒಂದು ಪಂಪ್‌ಸೆಟ್ಟೂ ಇಲ್ಲ ಎಂಬುದು ಅವರಿಗೆ ಅರಗಲಿಲ್ಲ. ನಮ್ಮನ್ನು ಆಳಿದವರ ಬುದ್ಧಿಯ ಬಗ್ಗೆ ಅವರಿಗಿದ್ದ ಗೌರವ ಅಂದೇ ಅರ್ಧಕ್ಕೆ ಇಳಿಯಿತು.

ಇಲ್ಲಿಯವರ ಇನ್ನೊಂದು ಅಭ್ಯಾಸ, ಎಲ್ಲದಕ್ಕೂ 'ಸಾರಿ' ಎನ್ನುವುದು. ನಾವು ಡಿಕ್ಕಿ ಹೊಡೆದರೂ ಅವರೇ ಸಾರಿ ಎನ್ನುತ್ತಾರೆ. ಮಾವ ಇದನ್ನು ಎರಡು ದಿನ ಗಮನಿಸಿ, "ಇವ್ರಿಗೆ ಅಣ್ಣತಮ್ಮಂದಿರು ಇರೂದಿಲ್ಲೇನು?" ಎಂದು ಕೇಳಿದರು. ಕೇಳಿದ ಧಾಟಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಟ್ರೆವರನ ಮೇಲ್ಮಹಡಿ

ಕಬಾಬಿನವನೇ ದಾರಿ ತೋರಿಸಿದ. ಹಿಂದಿನ ಸಂದಿಯಲ್ಲಿ ಮೆಟ್ಟಿಲು ಹತ್ತಿದರೆ ಟ್ರೆವರ್ ಎಂಬ ಒಬ್ಬ ಇನ್ನೂ ಇದೇ ಕೆಲಸದಲ್ಲಿದ್ದಾನೆ ಎಂದ. ಜೋಡುನಳಿಗೆ ರೈಫಲಿನ ಎರಡೂ ನಳಿಗೆಗಳ ಗುಂಡು ಒಂದೇ ಕಡೆ ಬೀಳುವಂತೆ ಹೊಂದಿಸುವುದು ಅವನ ಕಸುಬು. ಅವನ ಪ್ರಕಾರ ಅದನ್ನು ಸರಿಯಾಗಿ ಬಲ್ಲವನು ಜಗತ್ತಿನಲ್ಲಿ ಅವನೊಬ್ಬನೇ. ಉಳಿದವರೆಲ್ಲ ನಲ್ಲಿ ರಿಪೇರಿಗೆ ಲಾಯಕ್ಕು. ಇದನ್ನು ನಾವು ಕೂರುವ ಮೊದಲೇ ಹೇಳಿದ. ಮಾವನನ್ನು 'ಮಹಾರಾಜ' ಎಂದು ಕರೆದ. ಮಾವ ತಿದ್ದಲು ಹೋಗಲಿಲ್ಲ.

ಮೊಬೈಲಿನಲ್ಲಿ ನಮ್ಮ ಬಂದೂಕಿನ ಚಿತ್ರ ತೋರಿಸಿದೆ. ನಳಿಗೆಯ ಮೇಲೆ ಗುರಿ ಹಿಡಿಯಲು ಮಡಚುವ ಮೂರು ಪಟ್ಟಿಗಳಿವೆ. ಹತ್ತಿರಕ್ಕೊಂದು, ನಡುವಿನ ದೂರಕ್ಕೊಂದು, ಬಹಳ ದೂರಕ್ಕೊಂದು. ದೂರ ಹೆಚ್ಚಿದಷ್ಟೂ ಗುಂಡು ಕೆಳಗಿಳಿಯುತ್ತದೆ, ಹಾಗಾಗಿ ಎತ್ತರದ ಪಟ್ಟಿ. "ಮೂರನೆಯದು ಯಾಕೆ ಗೊತ್ತೆ?" ಎಂದ ಟ್ರೆವರ್. "ಕೊಳ್ಳುವವನ ಖುಷಿಗೆ. ಅಷ್ಟು ದೂರಕ್ಕೆ ಹೊಡೆದು ತಾಗಿಸಿದವನನ್ನು ನಾನು ನೋಡಿಲ್ಲ, ತಾಗಿಸಿದೆ ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ."

ನಾನು ಕನ್ನಡದಲ್ಲಿ ಹೇಳಿದಾಗ ಮಾವನ ಮುಖ ಸಣ್ಣಗಾಯಿತು. ಅಜ್ಜನ ಎಲ್ಲ ಕತೆಗಳೂ ಮೂರನೆಯ ಪಟ್ಟಿಯವೇ.

ಆಮೇಲೆ ತಗಡು ಹೊರಬಂತು. ಮಾವ ಅದನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತರು. "ಕೇಳವ್ವಾ ಇವನ್ನ, ನಳಿಗಿ ಬಾಗೂ ಹಂಗ ಮಾಡಿದ್ದು ಮೀಟಿದಾವನೋ, ಕೆಡವಿದಾವನೋ ಅಂತ. ಮೀಟಿದಾವ ಅಂತ ಹೇಳಿದ್ರ ಒಂದ ಕಾಗದದ ಮ್ಯಾಲ ಸಹಿ ಮಾಡಸ್ಕೋ."

ನಾನು ಯಾವ ತೂತು ಯಾವ ನಳಿಗೆಯದು ಎಂದು ವಿವರಿಸಿದೆ. ಟ್ರೆವರ್ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ.

"ಹೊಡೆದವರು ಯಾರು?"

"ಕಲ್ಲು ಹೊಡೀತು ಅಂತ ಹೇಳು," ಎಂದರು ಮಾವ ಹೆಮ್ಮೆಯಿಂದ. ನಾನು ಕಂಬ, ತಂತಿ, ಸುತಳಿ ಎಲ್ಲ ಹೇಳಿದೆ. ಟ್ರೆವರ್ ನನ್ನನ್ನೊಮ್ಮೆ, ಮಹಾರಾಜರನ್ನೊಮ್ಮೆ ನೋಡಿ, ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮಾವ ತಗಡು ಎತ್ತಿಕೊಂಡು ಬಾಗಿಲ ಕಡೆ ನಡೆದರು. ಶನಿವಾರ ಮೈದಾನಕ್ಕೆ ಬನ್ನಿ, ಬಾಯಲ್ಲಿ ಹೇಳಿದರೆ ಇವರು ನಂಬುವುದಿಲ್ಲ ಎಂದು ಟ್ರೆವರ್ ಮೆಟ್ಟಿಲಿನವರೆಗೆ ಬಂದು ನನಗೆ ಹೇಳಿದ.

ಮೂರು ದಿನ ಮಾವ ಸರಿಯಾಗಿ ಊಟ ಮಾಡಲಿಲ್ಲ. ನಗುವಂಥದ್ದು ಏನಿತ್ತು ಎಂದು ಕೇಳುತ್ತಲೇ ಇದ್ದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ತೀರ್ಪು ದೊಡ್ಡಮಾವನ ವಿರುದ್ಧ ಬಂದರೆ ಪ್ರಿಯಾಳ ಲಗ್ನದ ಹಂದರದಲ್ಲಿ ತಗಡು ಎದ್ದು ನಿಲ್ಲುತ್ತದೆ. ನಮ್ಮ ವಿರುದ್ಧ ಬಂದರೆ ಮಾವ ಆ ಲಗ್ನದ ದಿನ ಹೊಲದಲ್ಲಿ ಹೋಗಿ ಕೂರುತ್ತಾರೆ. ಎರಡರಲ್ಲಿ ಯಾವುದು ಆದರೂ ಆ ಹುಡುಗಿ ಅಳುತ್ತಾಳೆ. ನನಗೆ ಹೆದರಿಕೆಯಾಗಿತ್ತು.

ಊರಾಚೆಯ ಗುರಿಮೈದಾನ

ಶನಿವಾರ ಊರಾಚೆಯ ಮೈದಾನದಲ್ಲಿ ಟ್ರೆವರ್ ಒಂದು ಹೊಸ ಜೋಡುನಳಿಗೆಯೊಂದಿಗೆ ಕಾಯುತ್ತಿದ್ದ. ಯಾವನೋ ಶ್ರೀಮಂತನಿಗಾಗಿ ಮಾಡುತ್ತಿರುವುದು, ಇನ್ನೂ ಹೊಂದಿಸುವ ಕೆಲಸ ಮುಗಿದಿರಲಿಲ್ಲ. ಸುತ್ತ ಕುರಿಗಳು ಮೇಯುತ್ತಿದ್ದವು. ಗುಂಡಿನ ಸದ್ದಿಗೆ ಒಂದೂ ತಲೆ ಎತ್ತಲಿಲ್ಲ. ಅಥಣಿ ಕಡೆಯ ಕುರಿಗಳಾಗಿದ್ದರೆ ಇಷ್ಟೊತ್ತಿಗೆ ರಾಯಬಾಗ ಮುಟ್ಟಿರುತ್ತಿದ್ದವು.

ಅವನು ಭುಜಕ್ಕಿಟ್ಟು ಒಂದೊಂದೇ ನಳಿಗೆ ಹಾರಿಸಿದ. ಬಲಗಡೆಯ ಗುಂಡು ಸ್ವಲ್ಪ ಎಡಕ್ಕೆ, ಎಡಗಡೆಯದು ಸ್ವಲ್ಪ ಬಲಕ್ಕೆ ಬಿತ್ತು. ಮಾವ ನನ್ನ ಮೊಣಕೈ ತಿವಿದರು. ಟ್ರೆವರ್ ನಳಿಗೆಗಳ ತುದಿಗೆ ಬೆಂಕಿಯ ಉರಿ ಹಿಡಿದ. ಎರಡರ ನಡುವೆ ತವರದ ಬೆಸುಗೆಯಲ್ಲಿ ಒಂದು ಸಣ್ಣ ಬೆಣೆ ಕೂತಿದೆ. ಬೆಸುಗೆ ಕರಗಿದಾಗ ಬೆಣೆಯನ್ನು ಸುತ್ತಿಗೆಯಿಂದ ಕೂದಲೆಳೆಯಷ್ಟು ಒಳಗೆ ತಟ್ಟಿದ. ನಳಿಗೆಗಳ ತುದಿಗಳು ಅಷ್ಟೇ ದೂರ ಸರಿದವು. ಆರಿದ ಮೇಲೆ ಮತ್ತೆ ಹಾರಿಸಿದ. ಮತ್ತೆ ಕಾಯಿಸಿದ, ತಟ್ಟಿದ, ಹಾರಿಸಿದ, ಬೈದ. ಬೈಯುವುದು ಕಸುಬಿನ ಭಾಗವೋ ಅವನ ಸ್ವಂತದ್ದೋ ತಿಳಿಯಲಿಲ್ಲ. ಮಧ್ಯಾಹ್ನ ದಾಟುವ ಹೊತ್ತಿಗೆ ಎರಡೂ ಗುಂಡು ಹಲಗೆಯ ನಡುವೆ ಅಕ್ಕಪಕ್ಕ ಬಿದ್ದವು. ನಾವು ತಂದಿದ್ದ ಕಟಕ ರೊಟ್ಟಿಯನ್ನು ಟ್ರೆವರ್ ಬಿಸ್ಕತ್ತೆಂದು ತಿಳಿದು ಚಹಾದಲ್ಲಿ ಅದ್ದಿ ತಿಂದ.

ಆಮೇಲೆ ಅವನು ನಳಿಗೆಗಳನ್ನು ಮರದ ಹಿಡಿಯಿಂದ ಬಿಚ್ಚಿ, ಅಲುಗದಂತೆ ಮೇಜಿನ ಮೇಲೆ ಮರಳಿನ ಚೀಲಗಳ ನಡುವೆ ಕೂರಿಸಿದ. ಗುರಿಪಟ್ಟಿ ಸರಿಯಾಗಿ ಹಲಗೆಯ ನಡುವಿಗೆ ಇತ್ತು. "ಮಹಾರಾಜ, ಈಗ ಬಲ ನಳಿಗೆಯೊಳಗಿಂದ ನೋಡಲಿ."

ಮಾವ ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎಡ ನಳಿಗೆಯೊಳಗಿಂದ ನೋಡಿದರು. ಎದ್ದಾಗ ಅವರ ಮುಖದ ಬಣ್ಣ ಬದಲಾಗಿತ್ತು.

"ಬಲದ್ದು ಎಡಕ್ಕ ನೋಡಾಕತ್ತೈತಿ," ಎಂದರು ಮೆಲ್ಲಗೆ. "ಎಡದ್ದು ಬಲಕ್ಕ. ನಮ್ಮ ತಗಡಿನ ಹಂಗನ."

"ಇದನ್ನೂ ದೊಡ್ಡಮಾವಾರ ಕೆಡಿಸ್ಯಾರೇನ್ರಿ?" ಎಂದೆ. ಇಂಥ ಅವಕಾಶ ಸೊಸೆಯ ಜನ್ಮದಲ್ಲಿ ಒಮ್ಮೆ ಬರುತ್ತದೆ.

ಟ್ರೆವರ್ ವಿವರಿಸಿದ, ನಾನು ಹೇಳುತ್ತಾ ಹೋದೆ. ಬಂದೂಕು ಒದೆಯುತ್ತದೆ. ಬಲ ನಳಿಗೆ ಹಾರಿದಾಗ ಮೇಲಕ್ಕೂ ಬಲಕ್ಕೂ ಜಿಗಿಯುತ್ತದೆ, ಎಡದ್ದು ಎಡಕ್ಕೆ. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಈ ಜಿಗಿತ ಶುರುವಾಗುತ್ತದೆ. ಅದಕ್ಕೇ ಎರಡನ್ನೂ ಮೊದಲೇ ಸ್ವಲ್ಪ ಒಳಮುಖ ಮಾಡಿ ಬೆಸೆಯುತ್ತಾರೆ. ಜಿಗಿತದಿಂದ ಹೊರಗೆ ಹೋದಷ್ಟು ಈ ವಾಲಿಕೆ ಒಳಗೆ ತರುತ್ತದೆ, ಗುಂಡು ನೆಟ್ಟಗೆ ಹೋಗುತ್ತದೆ. ಅರೆಬರೆ ಕಲಿತವನು ಮಾಡಿದ ಬಂದೂಕಿನಲ್ಲಿ ಎರಡೂ ಗುಂಡು ಒಂದು ದೂರದಲ್ಲಿ ಕೂಡುತ್ತವೆ, ಮುಂದೆ ಒಂದನ್ನೊಂದು ದಾಟಿ ಚದುರುತ್ತವೆ. ತಾನು ಮಾಡಿದ್ದರಲ್ಲಿ ಚಕ್ಕಡಿಯ ಎರಡು ಗಾಲಿಯ ಜಾಡಿನಂತೆ ಅಕ್ಕಪಕ್ಕ ಹೋಗುತ್ತವೆ. (ಚಕ್ಕಡಿ ನನ್ನದು. ಅವನು ಹೇಳಿದ್ದು ರೈಲು.) ಮದ್ದು ಬದಲಾದರೂ ಲೆಕ್ಕ ತಪ್ಪುತ್ತದೆ. ಬಿಸಿಲಿನ ನಾಡಿನಲ್ಲಿ ಮದ್ದು ಕಾದು ಗುಂಡು ಅವಸರದಲ್ಲಿ ಹೊರಡುತ್ತದೆ, ಬಂದೂಕಿಗೆ ಜಿಗಿಯಲು ವೇಳೆ ಸಿಗುವುದಿಲ್ಲ. ಅದಕ್ಕೇ ಬಂದೂಕು ಯಾವ ದೇಶಕ್ಕೆ ಎಂದು ಹಿಂದೆ ಮೊದಲೇ ಕೇಳುತ್ತಿದ್ದರಂತೆ.

"ಕಲ್ಲಿಗೆ ಬಿಗಿದರೆ ಅದು ಎಲ್ಲಿ ಜಿಗಿಯಬೇಕು?" ಎಂದ ಟ್ರೆವರ್. "ಒಳಮುಖವಾಗಿದ್ದದ್ದು ಒಳಮುಖವಾಗಿಯೇ ಹಾರಿತು. ನಿಮ್ಮ ಬಂದೂಕು ಕೆಟ್ಟಿಲ್ಲ. ಅಷ್ಟು ನೆಟ್ಟಗೆ ಇದ್ದದ್ದಕ್ಕೇ ತೂತುಗಳು ಹೀಗೆ ಬಿದ್ದಿವೆ. ಹಿಡಿ ಸೀಳದೆ ಉಳಿದದ್ದೇ ಪುಣ್ಯ."

ಅಂದರೆ ಯಾರೂ ಮೀಟಿರಲಿಲ್ಲ. ಯಾರೂ ಕೆಡವಿರಲಿಲ್ಲ. ಊರಿಗೆ ಊರೇ ಕೂತು, ಯಾರಿಗೂ ಅನ್ಯಾಯವಾಗದಿರಲಿ ಎಂದು ಬಿಗಿಯಾಗಿ ಕಟ್ಟಿ ಮಾಡಿದ ನ್ಯಾಯ ಅದು.

ಮಾವ ಹುಲ್ಲಿನ ಮೇಲೆ ಕೂತರು. "ಅಂವಾ ಮೀಟಿದ್ದಿಲ್ಲ," ಎಂದರು. ಮತ್ತೊಮ್ಮೆ ಅದನ್ನೇ ಹೇಳಿದರು. ತಲೆಯ ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಎಲ್ಲಕ್ಕೂ ಕೊಂಕು ತೆಗೆಯುವ ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. ಟ್ರೆವರ್ 'ಸಾರಿ' ಎಂದ.

ಮರಳಿ ಉಗಾರ ಬುದ್ರುಕ

ಬಂದ ದಿನವೇ ಮಾವ ಸ್ನಾನ ಮಾಡಿ, ತಗಡು ಕಂಕುಳಲ್ಲಿ ಇಟ್ಟುಕೊಂಡು ಗೋಡೆ ಸುತ್ತಿ ದೊಡ್ಡಮಾವನ ಮನೆಗೆ ಹೊರಟರು. ನಾನು ದುಭಾಷಿಯ ಹುದ್ದೆ ಇನ್ನೂ ಬಿಟ್ಟಿಲ್ಲ ಎಂಬ ನೆಪದಲ್ಲಿ ಹಿಂದೆ ಹೋದೆ.

ದೊಡ್ಡಮಾವ ಪಡಸಾಲೆಯಲ್ಲಿ ಕೂತಿದ್ದರು. ಮಗ್ಗುಲಲ್ಲಿ ಆ ಚರ್ಮದ ಪೆಟ್ಟಿಗೆ ಬಾಯಿ ತೆರೆದು ಬಿಸಿಲಿಗೆ ಕೂತಿತ್ತು. ಒಳಗೆ ಬಂದೂಕಿನ ಆಕಾರದ ಖಾಲಿ ಗುಂಡಿ. ಚರ್ಮಕ್ಕೆ ಆಗತಾನೇ ಎಣ್ಣೆ ಉಜ್ಜಿದ್ದರು. ನಮ್ಮ ಮನೆಯಲ್ಲಿ ಮಾವ ಬಂದೂಕಿಗೆ ಉಜ್ಜುವುದೂ ಅದೇ ಎಣ್ಣೆ, ನಾನು ವಾಸನೆಯಿಂದಲೇ ಗುರುತಿಸಿದೆ.

ಮಾವ ನಿಂತೇ ಇದ್ದರು. "ಅಣ್ಣಾ, ಬಂದೂಕು ನೆಟ್ಟಗೈತಿ," ಎಂದರು.

ದೊಡ್ಡಮಾವ ಎಣ್ಣೆಯ ಅರಿವೆ ಕೆಳಗಿಟ್ಟರು. "ಮತ್ತ ತಪ್ಪು ಯಾರದು?"

"ಯಾರದೂ ಅಲ್ಲ. ಕಲ್ಲಿಗೆ ಕಟ್ಟಿದ್ದು ತಪ್ಪು."

ದೊಡ್ಡಮಾವ ತಗಡು ತೆಗೆದುಕೊಂಡು ತೂತುಗಳ ಮೇಲೆ ಬೆರಳಾಡಿಸಿದರು. ಈಗ ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ, ಮೊಬೈಲ್ ತರಬೇಕಿತ್ತು ಎಂದುಕೊಂಡೆ.

"ಕಲ್ಲಿಗೆ ಕಟ್ಟೂಣು ಅಂದಾವ ಯಾಂವ?" ಎಂದರು ದೊಡ್ಡಮಾವ.

"ನೀನ."

"ನಾ ಅಲ್ಲ, ನೀ. ನನ್ನ ಕೈ ಮ್ಯಾಲ ನಿನಗ ನಂಬಿಕಿ ಇದ್ದಿದ್ದಿಲ್ಲ."

"ಹಿರ್ಯಾರ ಕಿವ್ಯಾಗ ಊದಿದಾವ ನೀ. ತಂತಿ ತಂದಾವನೂ ನೀ."

"ತಂತಿ ನಿನ್ನ ದ್ರಾಕ್ಷಿ ಪ್ಲಾಟಿನ್ಯಾಗಿಂದ ತಂದಿದ್ದು."

ದನಿ ಏರಿತು. ಸದ್ದು ಕೇಳಿ ನನ್ನ ಗಂಡ ಚಾಟಣಿ ಕತ್ತರಿ ಹಿಡಿದೇ ಓಡಿಬಂದ. ಬಿಡಿಸಲು ಹೋದವನನ್ನು ದೊಡ್ಡತ್ತೆ ತೋಳು ಹಿಡಿದು ನಿಲ್ಲಿಸಿದರು. ಅವರ ಇನ್ನೊಂದು ಕೈಯಲ್ಲಿ ಎರಡು ಕಪ್ಪು ಚಹಾ ಇಟ್ಟ ತಾಟು ಇತ್ತು. "ಸುಮ್ನಿರಪಾ," ಎಂದರು. "ಆಡ್ಲಿ. ಎಷ್ಟ ವರ್ಷಾತು ಈ ಮನ್ಯಾಗ ಆ ದನಿ ಕೇಳಿ." ಒಳಗಿನ ಬಾಗಿಲಲ್ಲಿ ಪ್ರಿಯಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಇಬ್ಬರೂ ಬೈಯುತ್ತಲೇ ಚಹಾ ಕುಡಿದರು. ಕತ್ತಲಾಗುವ ಹೊತ್ತಿಗೆ ಮಾವ ಎದ್ದರು. "ನಂದಿನ್ನೂ ಮುಗದಿಲ್ಲ," ಎಂದರು.

"ಮುಗೀಲಿಲ್ಲಂದ್ರ ನಾಳಿ ಬಾ," ಎಂದರು ದೊಡ್ಡಮಾವ. "ಲಗ್ನದಾಗ ಐದು ಮಂದಿ ಎದುರಿಗೆ ಕೇಳಾಂವ ಇದ್ದೆಲ್ಲಾ, ಅಲ್ಲೂ ಬಂದು ಕೇಳು. ನಿನ್ನ ಬಿಟ್ಟು ಹಂದರದಾಗ ಹೆಂಗ ಕೂಡ್ಲಿ ನಾ?"

ಮಾವ ತಗಡನ್ನು ಆ ತೆರೆದ ಪೆಟ್ಟಿಗೆಯ ಪಕ್ಕಕ್ಕೆ ಒರಗಿಸಿಟ್ಟು ಬಂದರು.

ಲಗ್ನದಲ್ಲಿ ಅಕ್ಕಿಕಾಳು ಬೀಳುವಾಗಲೂ ಇಬ್ಬರೂ ಒಂದೇ ಜಮಖಾನೆಯ ಮೇಲೆ ಕೂತು ತಂತಿ ಯಾರದೆಂದು ಜಗಳಾಡುತ್ತಿದ್ದರು. ಗಾಳಿಗೆ ಬುಂದಿ ಒಲೆ ಆರುತ್ತಿದೆ, ಏನಾದರೂ ಅಡ್ಡ ಕೊಡಿ ಎಂದು ಅಡುಗೆಯವನು ಕೂಗಿದಾಗ, ದೊಡ್ಡಮಾವ ತಗಡು ತೋರಿಸಿದರು. ಮಾವ ತಾವೇ ಎದ್ದು ಹೋಗಿ ಅದನ್ನು ಒಲೆಗೆ ಆನಿಸಿ ಬಂದು, ಮತ್ತೆ ಅಣ್ಣನ ಪಕ್ಕ ಕೂತು ಜಗಳ ಬಿಟ್ಟಲ್ಲಿಂದ ಶುರುಮಾಡಿದರು.